ಲೈಡನ್ನಿಗೆ ಹೋದ ನನ್ನ ಕೊನೆಯ ನೈಲ್ ಟೂರು

ಟೂರ್ ಲೀಡರ್ ಆಗಬೇಕೆಂದಿರುವ ನಮ್ಮ ಕಡೆಯ ಹುಡುಗ ಹುಡುಗಿಯರು ಈಗಲೂ ಅಪರೂಪಕ್ಕೆ ನೆದರ್ಲೆಂಡ್ಸಿನ ವೂರ್‌ಬರ್ಗಿನ ನನ್ನ ಮನೆಗೆ ಬರುತ್ತಾರೆ. ಚಹಾ ಕುಡಿಯುತ್ತ ಎಲ್ಲರೂ ಕೇಳುವುದು ಒಂದೇ ಮಾತು: "ಆಂಟಿ, ಈಜಿಪ್ಟ್ ಹಿಸ್ಟರಿ ಎಷ್ಟು ಓದ್ಕೋಬೇಕು?" ಓದಿಕೊಂಡರೆ ನಷ್ಟವೇನಿಲ್ಲ, ಆದರೆ ಮೊದಲು ತಲೆ ಎಣಿಸುವುದನ್ನು ಕಲಿಯಿರಿ, ಆಮೇಲೆ ಪ್ರತಿ ದೇವಸ್ಥಾನದಲ್ಲೂ ಶೌಚಾಲಯ ಯಾವ ದಿಕ್ಕಿಗಿದೆ ಎಂದು ತಿಳಿದುಕೊಳ್ಳಿ ಎನ್ನುತ್ತೇನೆ. ತಮಾಷೆ ಎಂದುಕೊಂಡು ನಗುತ್ತಾರೆ. ಇಷ್ಟು ವರ್ಷ ನಾನು ಸಂಬಳ ತೆಗೆದುಕೊಂಡದ್ದು ಇವೆರಡಕ್ಕೇ ಎಂದು ಅವರಿಗೆ ನಂಬಿಕೆ ಬರುವುದಿಲ್ಲ.

ನಾನು ದಾವಣಗೆರೆಯವಳು. ಮದುವೆಯಾಗಿ ನನ್ನ ಗಂಡ ರಿಯಾಜ್ ಜೊತೆ ನೆದರ್ಲೆಂಡ್ಸಿಗೆ ಬಂದೆ, ಮಗಳು ಶಾಲೆಗೆ ಹೋಗತೊಡಗಿದ ಮೇಲೆ ಆಮರ್ಸ್‌ಫೋರ್ಟಿನ ಒಂದು ಸಣ್ಣ ಟ್ರಾವೆಲ್ ಕಂಪನಿಯಲ್ಲಿ ಕೆಲಸ ಕೇಳಿದೆ. ನೈಲ್ ನದಿಯಲ್ಲಿ ಹಾಯಿ ಕಟ್ಟಿದ ಸಣ್ಣ ದೋಣಿಗಳಲ್ಲಿ ಜನರನ್ನು ಕರೆದೊಯ್ದು, ದಂಡೆಯ ಹಳೆಯ ದೇವಸ್ಥಾನಗಳನ್ನು ಒಂದೊಂದಾಗಿ ತೋರಿಸುವುದು ಅವರ ವ್ಯವಹಾರ. ಅಲ್ಲಿನ ಯಜಮಾನ ಯಾನ್ ನನ್ನ ಹೆಸರು ಮಮ್ತಾಜ್ ಎಂದು ಕೇಳಿದ್ದೇ ತಡ, ಮುಖ ಅರಳಿಸಿ, "ಹಾಗಾದರೆ ನಿಮಗೆ ಅರೇಬಿಕ್ ಬರುತ್ತೆ" ಎಂದ. ಅದು ಪ್ರಶ್ನೆಯಾಗಿರಲಿಲ್ಲ, ಆದ್ದರಿಂದ ನಾನು ಉತ್ತರವನ್ನೂ ಕೊಡಲಿಲ್ಲ. ನನಗೆ ಬರುತ್ತಿದ್ದ ಅರೇಬಿಕ್ ಎಂದರೆ ಚಿಕ್ಕಂದಿನಲ್ಲಿ ಮದರಸಾದಲ್ಲಿ ಬಾಯಿಪಾಠ ಮಾಡಿದ್ದು. ಅದರಿಂದ ದೇವರನ್ನು ಬೇಡಬಹುದು, ಬಿಸಿನೀರು ಕೇಳಲಾಗುವುದಿಲ್ಲ. ಮೊದಲನೇ ಟೂರಿನಲ್ಲಿ ಅಡುಗೆಯವನ ಮುಂದೆ ನಿಂತು ಕೈಸನ್ನೆಯಲ್ಲಿ ಬಿಸಿನೀರು ಕೇಳಿದೆ. ಅವನು ಪಾಪ, ನನಗೆ ಜ್ವರ ಬಂದಿದೆ ಎಂದು ತಿಳಿದು ಕಂಬಳಿ ತಂದುಕೊಟ್ಟ.

ಈಜಿಪ್ಟಿನಲ್ಲಿ ಒಂದು ನಿಯಮ ಇದೆ. ದೇವಸ್ಥಾನದ ಒಳಗೆ ವಿವರಣೆ ಕೊಡುವ ಅಧಿಕಾರ ಅಲ್ಲಿನ ಲೈಸೆನ್ಸ್ ಪಡೆದ ಗೈಡುಗಳಿಗೆ ಮಾತ್ರ. ನಮ್ಮಂಥವರು ಹೊಸ್ತಿಲು ದಾಟಿದ ಮೇಲೆ ಬಾಯಿ ಮುಚ್ಚಿಕೊಂಡು ಹಿಂದೆ ನಿಲ್ಲಬೇಕು. ನಮ್ಮ ಗೈಡು ಮಹಮೂದ್. ಒಣಕಲು ಮನುಷ್ಯ, ಗಂಟಲು ಮಾತ್ರ ಕಂಚಿನದು. ಅವನ ಹಿಂದೆ ನೀರಿನ ಬಾಟಲಿ, ಕೊಡೆ, ಹೊಟ್ಟೆನೋವಿನ ಮಾತ್ರೆ ಹಿಡಿದು ನಿಲ್ಲುವವಳು ನಾನು. ವರ್ಷಗಟ್ಟಲೆ ಅದೇ ಮಾತು ಕೇಳಿ ಕೇಳಿ ಅವನ ಇಡೀ ಭಾಷಣ ನನಗೆ ಕಂಠಪಾಠವಾಯಿತು, ಅವನು ಎಲ್ಲಿ ಕೆಮ್ಮುತ್ತಾನೆ ಎನ್ನುವುದೂ ಸೇರಿ. ಆದರೆ ಗೋಡೆಗಳನ್ನು ನಾನು ನೋಡಿದ್ದು ಕಡಿಮೆ. ಅವನು "ಮೇಲೆ ನೋಡಿ" ಎಂದಾಗ ಎಲ್ಲರೂ ಮೇಲೆ ನೋಡುತ್ತಿದ್ದರು, ನಾನು ಮಾತ್ರ ಅವರ ತಲೆ ಎಣಿಸುತ್ತಿದ್ದೆ.

ಹಾಗೆ ಎಣಿಸಿಯೂ ಎಡವಟ್ಟಾಗದೆ ಇರಲಿಲ್ಲ. ಕೋಮ್ ಓಂಬೋ ಎಂಬಲ್ಲಿ ಮೊಸಳೆ ದೇವರ ದೇವಸ್ಥಾನ ಇದೆ, ಪಕ್ಕದಲ್ಲೇ ಸತ್ತ ಮೊಸಳೆಗಳನ್ನು ಸುತ್ತಿಟ್ಟ ಮ್ಯೂಸಿಯಂ. ಅವತ್ತು ಬಿಸಿಲು ಜೋರಾಗಿತ್ತು, ಎಲ್ಲರೂ ಒಂದೇ ಥರದ ಬಿಳಿ ಟೋಪಿ ಹಾಕಿದ್ದರು. ಲೆಕ್ಕ ಸರಿಯಾಗಿ ಬಂತು, ದೋಣಿ ಬಿಟ್ಟೆವು. ಊಟಕ್ಕೆ ಕೂತಾಗ ನೋಡಿದರೆ ನಮ್ಮ ಗುಂಪಿಗೆ ಸಂಬಂಧವೇ ಇಲ್ಲದ ಬೆಲ್ಜಿಯಂ ದೇಶದ ಒಬ್ಬರು ಬದನೆಕಾಯಿ ಪಲ್ಯವನ್ನು ಎರಡನೇ ಸಲ ಬಡಿಸಿಕೊಳ್ಳುತ್ತಿದ್ದಾರೆ. ತಮ್ಮ ದೊಡ್ಡ ಹಡಗಿನವರು ಸಣ್ಣ ದೋಣಿಯಲ್ಲಿ ಊಟದ ವ್ಯವಸ್ಥೆ ಮಾಡಿದ್ದಾರೆ ಎಂದು ಅವರು ತಿಳಿದಿದ್ದರು. ನಮ್ಮವರೊಬ್ಬರು ಮೊಸಳೆಗಳ ಹತ್ತಿರವೇ ಉಳಿದುಹೋಗಿದ್ದರು. ಹಾಯಿದೋಣಿ ನಡೆಯುವುದು ಬಸುರಿ ಎಮ್ಮೆಯ ಹಾಗೆ, ಆದ್ದರಿಂದ ಅವರು ಒಂದು ಮೋಟಾರ್ ಬೋಟು ಹಿಡಿದು ನಮ್ಮನ್ನು ಸುಲಭವಾಗಿ ಮುಟ್ಟಿದರು. ಬೆಲ್ಜಿಯಂನವರನ್ನು ಅದೇ ಬೋಟಿನಲ್ಲಿ ವಾಪಸ್ ಕಳಿಸಿದೆವು. ಹೋಗುವಾಗ ಅವರು ಅಡುಗೆಯವನಿಗೆ ಕೈ ಮುಗಿದರು, ನನ್ನ ಕಡೆ ನೋಡಲೂ ಇಲ್ಲ.

ನಮ್ಮ ಕೆಲಸಕ್ಕೆ ಒಂದು ಮಂತ್ರ ಇತ್ತು: ದೊಡ್ಡ ಹಡಗಿನವರು ನಾಷ್ಟಾ ಮುಗಿಸುವ ಮೊದಲು ನಾವು ದೇವಸ್ಥಾನದ ಬಾಗಿಲಲ್ಲಿರಬೇಕು. ನಾಲ್ಕು ಮಹಡಿಯ ಹಡಗುಗಳು ಒಮ್ಮೆ ಜನರನ್ನು ಇಳಿಸಿದರೆ ಮುಗಿಯಿತು, ಒಳಗೆ ಕಾಲಿಡಲು ಜಾಗವಿರದು. ಸಣ್ಣ ದೋಣಿಯವರಿಗೆ ಇದ್ದ ಸಿರಿವಂತಿಕೆ ಎಂದರೆ ಬೆಳಗಿನ ಆ ಖಾಲಿ ಹೊತ್ತು. ಅದಕ್ಕೇ ನಾನು ಕತ್ತಲಿರುವಾಗಲೇ ಎದ್ದು ಪ್ರತಿ ಕೋಣೆಯ ಬಾಗಿಲು ಬಡಿಯುತ್ತಿದ್ದೆ. ರಜೆಗೆಂದು ಬಂದವರು ಬಾಗಿಲ ಹಿಂದಿನಿಂದ ಡಚ್ಚಿನಲ್ಲಿ ಏನೇನು ಅನ್ನುತ್ತಿದ್ದರೋ, ಅದನ್ನು ಇಲ್ಲಿ ಬರೆಯುವಂತಿಲ್ಲ. ಯಾನ್ ಅಂತೂ ಪ್ರತಿ ವರ್ಷದ ಮಾತುಕತೆಯಲ್ಲಿ ನೇರವಾಗಿ ಹೇಳುತ್ತಿದ್ದ: "ಮಮ್ತಾಜ್, ನಿಮ್ಮ ಬಗ್ಗೆ ಬರುವ ದೂರು ಒಂದೇ. ನೀವು ಅಲಾರಂ ಗಡಿಯಾರ." ಡಚ್ಚರಲ್ಲಿ ಇದು ಬೈಗುಳವಲ್ಲ, ಮಾಹಿತಿ. ನನಗೆ ಅದು ಅರ್ಥವಾಗುವುದರೊಳಗೆ ಹಲವು ಸಲ ರೈಲಿನಲ್ಲಿ ಅತ್ತುಕೊಂಡು ಮನೆಗೆ ಬಂದಿದ್ದೇನೆ.

ಕಾಲ ಬದಲಾಯಿತು. ಫ್ಯಾಕ್ಸ್ ಹೋಗಿ ವಾಟ್ಸಾಪ್ ಗುಂಪು ಬಂತು. ಮೊದಲು ಅತಿಥಿಗಳು ಸಿಟ್ಟು ಬಂದರೆ ನನ್ನ ಮುಂದೆ ಬಂದು ನಿಂತು ಹೇಳುತ್ತಿದ್ದರು, ಆಮೇಲೆ ಪಕ್ಕದ ಕೋಣೆಯಿಂದಲೇ ಟೈಪ್ ಮಾಡತೊಡಗಿದರು. ಇದನ್ನೂ ಕಲಿತೆ. ನಿವೃತ್ತಿಗೆ ಒಂದೇ ಟೂರು ಬಾಕಿ ಎನ್ನುವಾಗ ಕೊರೋನಾ ಬಂತು, ಎಲ್ಲ ನಿಂತಿತು.

ಆ ಕೊನೆಯ ಟೂರಿಗೆ ಹೆಸರು ಕೊಟ್ಟಿದ್ದವರಲ್ಲಿ ನಮ್ಮ ಸುಶೀಲಕ್ಕ ಒಬ್ಬರು. ಧಾರವಾಡದವರು, ನಮ್ಮ ಬೀದಿಯ ಕೊನೆಯಲ್ಲಿ ಬಟ್ಟೆ ಹೊಲಿಯುವ ಅಂಗಡಿ ನಡೆಸಿ, ಈಗ ಅದನ್ನು ಮುಚ್ಚಿ ಒಬ್ಬರೇ ಇದ್ದಾರೆ. ಗಂಡ ತೀರಿಕೊಂಡು ಬಹಳ ವರ್ಷವಾಯಿತು. ನನ್ನ ಪ್ಯಾಂಟುಗಳ ಅಂಚು ಹೊಲಿದುಕೊಡುತ್ತ ನನ್ನಿಂದ ಈಜಿಪ್ಟಿನ ಕಥೆ ಕೇಳಿಸಿಕೊಂಡವರು. ಕಥೆ ಎಲ್ಲ ಮಹಮೂದನದು, ಹೆಸರು ನನ್ನದು. "ಒಂದ್ಸಲ ಆ ಗ್ವಾಡಿ ಮ್ಯಾಲಿನ ಚಿತ್ರ ನನ್ನ ಕಣ್ಲೆ ನೋಡಬೇಕವಾ" ಎನ್ನುತ್ತಿದ್ದರು. ಅಷ್ಟರಲ್ಲಿ ಅವರ ಕಣ್ಣಿಗೆ ಕಾಯಿಲೆ ಬಂತು. ನೋಟದ ನಟ್ಟನಡುವೆ ಮಸಿ ಬಳಿದ ಹಾಗೆ ಆಗುತ್ತದಂತೆ, ಅಂಚುಗಳಲ್ಲಿ ಮಾತ್ರ ಕಾಣುತ್ತದಂತೆ. ಅದಕ್ಕೇ ಅವರು ನಮ್ಮೊಂದಿಗೆ ಮಾತಾಡುವಾಗ ಮುಖವನ್ನು ಸ್ವಲ್ಪ ಪಕ್ಕಕ್ಕೆ ತಿರುಗಿಸುತ್ತಿದ್ದರು. ಗೊತ್ತಿಲ್ಲದವರು ಇವರಿಗೆ ನಮ್ಮ ಮೇಲೆ ಮುನಿಸೇನೋ ಎಂದುಕೊಳ್ಳಬೇಕು.

ಟೂರು ಮುಂದಕ್ಕೆ ಹೋಯಿತು. ಮತ್ತೆ ಮುಂದಕ್ಕೆ ಹೋಯಿತು. ಅತಿಥಿಗಳು ಮರೆಯದಿರಲಿ ಎಂದು ಯಾನ್, ಮನೆಯ ಸೋಫಾದಿಂದಲೇ ಕಂಪ್ಯೂಟರಿನಲ್ಲಿ ನೈಲ್ ಯಾತ್ರೆ ಮಾಡಿಸಿ ಎಂದು ನನ್ನ ತಲೆಗೆ ಕಟ್ಟಿದ. ನಾನು ಹಿಂದೆ ಹಾಯಿದೋಣಿಯ ಚಿತ್ರ ಹಾಕಿಕೊಂಡು, ಮಹಮೂದನ ಭಾಷಣ ಒಪ್ಪಿಸುತ್ತಿದ್ದೆ. ದೇವಸ್ಥಾನದ ಗರ್ಭಗುಡಿಗೆ ಬರುವ ಹೊತ್ತಿಗೆ ಸರಿಯಾಗಿ ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. ಒಬ್ಬ ಮುದುಕರು, ಅದು ದೋಣಿಯ ಸೀಟಿಯೇ ಎಂದು ಕೇಳಿದರು. ಹೌದು ಎಂದೆ. ಮರುದಿನ ಬೆಳಗ್ಗೆ ಸುಶೀಲಕ್ಕನ ಫೋನು.

"ಮಮ್ತಾಜ, ನಿನ್ನೆ ನಿಮ್ಮ ದೋಣಿ ಸೀಟಿ ಕೇಳಿದೆ. ಬ್ಯಾಳಿ ಬೆಂದಿತ್ತೇನವಾ?"

"ಬೆಂದಿತ್ತು ಅಕ್ಕ, ಸ್ವಲ್ಪ ಹೆಚ್ಚೇ ಬೆಂದಿತ್ತು."

ನಕ್ಕರು. ಆಮೇಲೆ ಹೇಳಿದರು: "ಡಾಕ್ಟರು ನೋಡೂದಿದ್ದರ ಲಗೂನ ನೋಡಿಬಿಡ್ರಿ ಅಂದಾರ. ಈಜಿಪ್ಟ್ ಎಲ್ಲೂ ಓಡಿ ಹೋಗೂದಿಲ್ಲ ಬಿಡು. ನನ್ನ ಕಣ್ಣ ಓಡ್ಲಿಕ್ಕತ್ತಾವ."

ಸಾವಿರಾರು ಜನರನ್ನು ಕರೆದೊಯ್ದವಳು, ನಮ್ಮ ಬೀದಿಯ ಹೆಂಗಸೊಬ್ಬಳನ್ನು "ಮುಂದಿನ ವರ್ಷ, ಮುಂದಿನ ವರ್ಷ" ಎಂದು ಕೂರಿಸಿದ್ದೆನಲ್ಲ ಎಂದು ಸಂಕಟವಾಯಿತು. ಎರಡನೇ ಬೇಸಿಗೆಯೂ ಬಂತು, ನಾನು ನಿವೃತ್ತಳೂ ಆದೆ. ಬೀಳ್ಕೊಡುಗೆಯೂ ಸ್ಕ್ರೀನ್ ಮೇಲೆಯೇ ಆಯಿತು, ಕೇಕು ಅವರವರ ಮನೆಯಲ್ಲಿ ಅವರವರೇ ತಿಂದರು. ಒಂದು ಸಂಜೆ ರಿಯಾಜ್ ಮುಂದೆ ಇದನ್ನೆಲ್ಲ ತೋಡಿಕೊಂಡೆ. ಅವರು ಪತ್ರಿಕೆಯಿಂದ ತಲೆಯೆತ್ತದೆ ಹೇಳಿದರು:

"ಈಜಿಪ್ಟ್ ದೇವಸ್ಥಾನ ತಾನೆ? ಲೈಡನ್ನಲ್ಲೇ ಒಂದು ಇದೆಯಲ್ಲ."

"ಲೈಡನ್ನಲ್ಲಾ?"

"ಮ್ಯೂಸಿಯಂ ಒಳಗೆ. ಕಲ್ಲು ಕಲ್ಲು ಬಿಚ್ಚಿ ತಂದು ಕಟ್ಟಿದಾರೆ. ನಮ್ ಮಗಳ ಸ್ಕೂಲ್ ಟ್ರಿಪ್ ಜೊತೆ ನಾನೇ ಹೋಗಿದ್ನಲ್ಲ. ನೀನು ಆಗ ಈಜಿಪ್ಟಲ್ಲಿದ್ದೆ."

ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಇದಕ್ಕೇ. ಅಸ್ವಾನಿನ ಅಣೆಕಟ್ಟು ಕಟ್ಟಿದಾಗ ಮುಳುಗಲಿದ್ದ ದೇವಸ್ಥಾನಗಳನ್ನು ಉಳಿಸಲು ಕೈಜೋಡಿಸಿದ ದೇಶಗಳಿಗೆ ಈಜಿಪ್ಟ್ ಒಂದೊಂದು ಪುಟ್ಟ ಗುಡಿಯನ್ನು ಉಡುಗೊರೆಯಾಗಿ ಕೊಟ್ಟಿತ್ತು. ಇದನ್ನು ಮಹಮೂದ್ ತನ್ನ ಭಾಷಣದಲ್ಲಿ ಹೇಳುತ್ತಿದ್ದ, ನಾನೂ ಗಿಳಿಪಾಠ ಒಪ್ಪಿಸುತ್ತಿದ್ದೆ. ಅದರಲ್ಲಿ ಒಂದು ನಮ್ಮ ಮನೆಯಿಂದ ರೈಲಿನಲ್ಲಿ ಒಂದು ಚಹಾ ಕುಡಿಯುವಷ್ಟು ಹೊತ್ತಿನ ದೂರದಲ್ಲಿದೆ ಎಂದು ನನಗೆ ಗೊತ್ತೇ ಇರಲಿಲ್ಲ!

ರೈಲಿನಲ್ಲಿ ಹೋಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ನನಗೆ ಉತ್ಸಾಹ ಬಂದರೆ ಬುದ್ಧಿ ಹೋಗುತ್ತದೆ. ವೂರ್‌ಬರ್ಗಿನ ಪಕ್ಕದಲ್ಲಿ ಹರಿಯುವ ಫ್ಲೀಟ್ ಕಾಲುವೆ ನೇರ ಲೈಡನ್ನಿಗೆ ಹೋಗುತ್ತದೆ. ಪಕ್ಕದ ಮನೆಯವರದು ಬ್ಯಾಟರಿಯಿಂದ ಓಡುವ ಒಂದು ಸಣ್ಣ ದೋಣಿ ಇತ್ತು, ಓಡಿಸಲು ರಿಯಾಜ್‌ಗೆ ಬರುತ್ತಿತ್ತು. ಮುಚ್ಚಿದ ರೈಲಿಗಿಂತ ಬಯಲು ದೋಣಿ ಸುಶೀಲಕ್ಕನಂಥವರಿಗೆ ಕ್ಷೇಮವೂ ಹೌದು. ನೇರ ಅವರ ಬಾಗಿಲಿಗೆ ಹೋಗಿ, "ಅಕ್ಕ, ಸಣ್ಣ ದೋಣಿ, ಹಳೆಯ ದೇವಸ್ಥಾನ. ಗೋಡೆ ತುಂಬ ಕೆತ್ತನೆ. ನಾನು ಪಕ್ಕದಲ್ಲೇ ನಿಂತು ಎಲ್ಲ ಹೇಳ್ತೀನಿ" ಎಂದೆ. ಆ ದೇವಸ್ಥಾನವನ್ನು ನಾನು ಕಂಡಿರಲಿಲ್ಲ, ಆದರೆ ಈಜಿಪ್ಟಿನ ದೇವಸ್ಥಾನವೆಂದರೆ ಕೆತ್ತನೆ ಇಲ್ಲದೆ ಇರುತ್ತದೆಯೇ? ಸುಶೀಲಕ್ಕ ಮುಖವನ್ನು ಪಕ್ಕಕ್ಕೆ ತಿರುಗಿಸಿ ನನ್ನನ್ನು ಬಹಳ ಹೊತ್ತು ನೋಡಿದರು. ಅವರ ಕಣ್ಣು ತುಂಬಿತ್ತು.

ಮ್ಯೂಸಿಯಂ ಆಗಷ್ಟೇ ಮತ್ತೆ ತೆರೆದಿತ್ತು. ಮುಂಚೆಯೇ ಹೊತ್ತು ಕಾದಿರಿಸಬೇಕು, ಆ ಹೊತ್ತಿಗೆ ಹೋಗಬೇಕು, ಮಾಸ್ಕ್ ಹಾಕಬೇಕು. ದಿನದ ಮೊದಲನೇ ಸರದಿಯನ್ನೇ ಕಾದಿರಿಸಿದೆ. ಹೊರಡುವ ದಿನ ಕತ್ತಲಿರುವಾಗಲೇ ರಿಯಾಜ್‌ರನ್ನು ಎಬ್ಬಿಸಿದೆ.

"ಯಾಕೆ ಇಷ್ಟು ಬೇಗ? ನಕ್ಕೋ ಮಾ, ಮಲ್ಕೊ."

"ಜನ ಸೇರೋಕ್ ಮುಂಚೆ ಬಾಗಿಲಲ್ಲಿರ್ಬೇಕು."

"ಯಾವ ಜನ?"

ನಾನು ನೀರಿನ ಬಾಟಲಿ ತುಂಬಿಸತೊಡಗಿದೆ. ಸೂರ್ಯ ಹುಟ್ಟುವ ಹೊತ್ತಿಗೆ ನಾವು ನೀರಿನ ಮೇಲಿದ್ದೆವು. ಮುಂದೆ ಸುಶೀಲಕ್ಕ ಶಾಲು ಹೊದ್ದು ಕೂತಿದ್ದರು, ಹಿಂದೆ ರಿಯಾಜ್, ನಡುವೆ ಮೂರು ಬಾಟಲಿ ನೀರು, ಕೊಡೆ, ಹೊಟ್ಟೆನೋವಿನ ಮಾತ್ರೆ ಹಿಡಿದ ನಾನು. ಎರಡು ದಂಡೆಗೂ ಬಾತುಕೋಳಿಗಳು. ಎಷ್ಟೋ ತಿಂಗಳ ಮೇಲೆ ನನಗೆ ಜೀವ ಬಂದಂತಾಗಿತ್ತು. ಅಭ್ಯಾಸಬಲದಿಂದ ತಲೆ ಎಣಿಸಿದೆ, ಸರಿಯಾಗಿತ್ತು.

ಲೈಡ್ಸೆಂಡಾಮ್ ಹತ್ತಿರ ಕಾಲುವೆಗೆ ಒಂದು ನೀರಿನ ಬಾಗಿಲು ಇದೆ. ಆ ಕಡೆ ಈ ಕಡೆ ನೀರಿನ ಮಟ್ಟ ಬೇರೆ ಬೇರೆ, ದೋಣಿಯನ್ನು ನಡುವೆ ನಿಲ್ಲಿಸಿಕೊಂಡು ಏರಿಸಿ ಇಳಿಸಿ ಬಿಡುತ್ತಾರೆ. ಅದನ್ನು ನಡೆಸುವವರು ಮನುಷ್ಯರು, ಅವರಿಗೂ ಹಾಸಿಗೆ ಇದೆ, ನಾಷ್ಟಾ ಇದೆ ಎನ್ನುವುದು ನನಗೆ ಹೊಳೆದೇ ಇರಲಿಲ್ಲ. ಬಾಗಿಲು ಭದ್ರವಾಗಿ ಮುಚ್ಚಿತ್ತು, ಕೆಂಪು ದೀಪ ಉರಿಯುತ್ತಿತ್ತು. ತೆರೆಯುವ ಸಮಯವನ್ನು ದೊಡ್ಡ ಬೋರ್ಡಿನಲ್ಲಿ ಬರೆದಿದ್ದರು. ಅದಕ್ಕೆ ಇನ್ನೂ ಎಷ್ಟೋ ಹೊತ್ತಿತ್ತು.

"ಇದು ಕಾಲುವೆ ಕಣೇ, ನೈಲ್ ಅಲ್ಲ," ಎಂದರು ರಿಯಾಜ್. "ಇಲ್ಲಿ ಸೂರ್ಯನೂ ಅಪಾಯಿಂಟ್‌ಮೆಂಟ್ ತಗೊಂಡು ಹುಟ್ಟಬೇಕು."

"ಮೊದಲೇ ಹೇಳೋಕ್ಕಾಗಲ್ವಾ ನಿಮಗೆ?"

"ನೀನು ಟೂರ್ ಲೀಡರ್. ನಾನು ಬರೀ ಡ್ರೈವರ್."

ಸುಶೀಲಕ್ಕ ಚೀಲದಿಂದ ಡಬ್ಬಿ ತೆಗೆದರು. "ಜಗಳಾ ಆಮ್ಯಾಲೆ ಮಾಡ್ರಿ. ಅವಲಕ್ಕಿ ತಂದೀನಿ, ತಿನ್ರಿ." ಮುಚ್ಚಿದ ಬಾಗಿಲ ಮುಂದೆ ತೇಲುತ್ತ ನಾವು ಅವಲಕ್ಕಿ ತಿಂದೆವು. ನಾನು ಮಾತ್ರ ತುತ್ತಿಗೊಮ್ಮೆ ಗಡಿಯಾರ ನೋಡುತ್ತಿದ್ದೆ. ಅಂತೂ ಬಾಗಿಲು ತೆರೆದು, ನಮ್ಮನ್ನು ದಾಟಿಸಿ, ಆಮೇಲೆ ನಮ್ಮ ದೋಣಿ ತನ್ನ ನಡಿಗೆಯಲ್ಲಿ ತಾನು ನಡೆದು ಲೈಡನ್ ಮುಟ್ಟಿದಾಗ ಮೊದಲನೇ ಸರದಿ ಕಳೆದುಹೋಗಿತ್ತು. ದಡದ ಮೆಟ್ಟಿಲು ಹತ್ತಿಸಲು ರಿಯಾಜ್ ಮೇಲಿನಿಂದ ಸುಶೀಲಕ್ಕನ ಕೈ ಹಿಡಿದರು, ನಾನು ಕೆಳಗಿನಿಂದ ಕೊಡೆ ಹಿಡಿದೆ. ಮಳೆಯೂ ಇರಲಿಲ್ಲ ಬಿಸಿಲೂ ಇರಲಿಲ್ಲ, ಕೈಗೆ ಬೇರೆ ಕೆಲಸ ತೋಚಲಿಲ್ಲ.

ಮ್ಯೂಸಿಯಂ ಬಾಗಿಲಲ್ಲಿದ್ದ ಯುವಕ ನನ್ನ ಫೋನು ನೋಡಿ, "ನಿಮ್ಮ ಸಮಯ ಮುಗಿದಿದೆ ಮೇಡಂ. ಇವತ್ತಿನದೆಲ್ಲ ಭರ್ತಿ" ಎಂದ. ನಾನು ನನ್ನ ಅನುಭವವನ್ನೆಲ್ಲ ಅವನ ಮುಂದೆ ಸುರಿದೆ. ಎಷ್ಟು ವರ್ಷ ಟೂರ್ ಲೀಡರ್, ಎಷ್ಟು ದೇವಸ್ಥಾನ, ನೀರಿನ ಬಾಗಿಲು ಹೇಗೆ ಮುಚ್ಚಿತ್ತು, ಎಲ್ಲ. ಅವನು ತಾಳ್ಮೆಯಿಂದ ಕೇಳಿ ಮತ್ತೆ ಅದನ್ನೇ ಹೇಳಿದ. ಆಗ ಸುಶೀಲಕ್ಕ ಮುಂದೆ ಬಂದು ಡಚ್ಚಿನಲ್ಲಿ ಒಂದೇ ಮಾತು ಕೇಳಿದರು: "ಯಾರಾದರೂ ಬರದೇ ಹೋದರೆ?" ಅವನು ಸ್ವಲ್ಪ ಯೋಚಿಸಿ, "ಹಾಗಾದರೆ ಆಗುತ್ತೆ. ಕಾಯಿರಿ" ಎಂದ. ಕಾದೆವು. ಮಧ್ಯಾಹ್ನದ ಸರದಿಗೆ ಒಂದು ಕುಟುಂಬ ಬರಲೇ ಇಲ್ಲ. ಅವರು ಯಾರೋ, ಅಲ್ಲಾಹ್ ಅವರನ್ನು ಚೆನ್ನಾಗಿಟ್ಟಿರಲಿ.

ಒಳಗೆ ಹೋಗುತ್ತಿದ್ದಂತೆ ಮಾಸ್ಕಿನ ಉಸಿರಿಗೆ ನನ್ನ ಕನ್ನಡಕ ಪೂರ್ತಿ ಮಂಜಾಯಿತು. ಎದುರಿಗೆ ಮರಳಿನ ಬಣ್ಣದ್ದು ಏನೋ ದೊಡ್ಡದಾಗಿ ನಿಂತಿದೆ ಎನ್ನುವಷ್ಟು ಕಂಡಿತು. ಸಾಕಲ್ಲ! ಇಲ್ಲಿ ಲೈಸೆನ್ಸ್ ಕೇಳುವವರಿಲ್ಲ. ಇಷ್ಟು ವರ್ಷ ಮುಚ್ಚಿಕೊಂಡಿದ್ದ ಬಾಯಿ ತೆರೆಯಿತು. ಸುಶೀಲಕ್ಕನನ್ನು ದೇವಸ್ಥಾನದ ಸುತ್ತ ಕಟ್ಟಿದ್ದ ಹಗ್ಗದ ಹತ್ತಿರ ನಿಲ್ಲಿಸಿ, ಮಹಮೂದನ ದನಿಯಲ್ಲೇ ಶುರುಮಾಡಿದೆ.

"ನೋಡಿ ಅಕ್ಕ, ಈ ಗೋಡೆ ಮೇಲೆ ಗಿಡುಗನ ಮುಖದ ದೇವರು ದೋಣಿಯಲ್ಲಿ ನಿಂತಿದ್ದಾನೆ. ಕೈಯಲ್ಲಿ ಉದ್ದ ಈಟಿ. ನೀರೊಳಗೆ ಅವನ ವೈರಿ, ನೀರಾನೆ ರೂಪದಲ್ಲಿ. ಆದರೆ ಆ ನೀರಾನೆಯನ್ನು ಬೇಕಂತಲೇ ಬೆಕ್ಕಿನಷ್ಟು ಚಿಕ್ಕದಾಗಿ ಕೆತ್ತಿದ್ದಾರೆ. ಯಾಕೆ ಹೇಳಿ?"

ಮಹಮೂದ್ ಇಲ್ಲಿ ಕೆಮ್ಮುತ್ತಿದ್ದ, ನಾನೂ ಕೆಮ್ಮಿದೆ. ಕೊರೋನಾ ಕಾಲ, ಹತ್ತಿರವಿದ್ದವರು ದೂರ ಸರಿದರು. ಅಷ್ಟರಲ್ಲಿ ಕನ್ನಡಕ ತಿಳಿಯಾಯಿತು.

ಗೋಡೆ ಬೋಳಾಗಿತ್ತು. ಈ ಕಡೆ ಬೋಳು, ಆ ಕಡೆ ಬೋಳು. ಬಾಗಿಲ ಮೇಲೆ ರೆಕ್ಕೆ ಬಿಚ್ಚಿದ ಒಂದು ಸೂರ್ಯ, ಕಂಬಗಳ ತಲೆಯಲ್ಲಿ ಒಂದಿಷ್ಟು ಎಲೆ. ಅಷ್ಟೇ. ಉಳಿದದ್ದೆಲ್ಲ ಸುಮ್ಮನೆ ಕಲ್ಲು. ನಾನು ರಿಯಾಜ್ ಕಡೆ ನೋಡಿದೆ. "ನೀನು ಕೇಳ್ಲಿಲ್ಲ" ಎಂದು ಅವರು ಭುಜ ಹಾರಿಸಿದರು. ಏನು ಮಾಡಲಿ? ನಿಲ್ಲಿಸಿದರೆ ಅಕ್ಕನಿಗೆ ಗೊತ್ತಾಗುತ್ತದೆ, ಅವರ ಎದೆ ಒಡೆಯುತ್ತದೆ. ಮುಂದುವರಿಸಿದೆ. ಆ ಬೋಳು ಗೋಡೆಯ ಮೇಲೆ ರಾಜನನ್ನು ತಂದೆ, ರಾಣಿಯನ್ನು ತಂದೆ, ಕಮಲದ ಹೂ ಹಿಡಿದವರ ಸಾಲನ್ನೇ ತಂದೆ.

"ಮಮ್ತಾಜ," ಎಂದರು ಸುಶೀಲಕ್ಕ ಮೆಲ್ಲಗೆ. "ಗ್ವಾಡಿ ಬೋಳ ಅದ."

ನಾನು ಕನ್ನಡಕ ತೆಗೆದು ಒರೆಸತೊಡಗಿದೆ.

"ಅಷ್ಟು ಕಾಣಸ್ತದವಾ ನನಗ."

"ಅಕ್ಕ, ತಪ್ಪಾಯ್ತು. ನನಗೆ ಗೊತ್ತಿರಲಿಲ್ಲ. ಕೆತ್ತನೆ ತೋರಿಸ್ತೀನಿ ಅಂತ ಇಷ್ಟು ದೂರ ಕರ್ಕೊಂಡ್ ಬಂದೆ." ಎಲ್ಲರೆದುರು ಅಳು ಬಂದುಬಿಟ್ಟಿತು. ಮಾಸ್ಕ್ ಒದ್ದೆಯಾಯಿತು.

"ಅಳಬ್ಯಾಡ. ಕೇಳ್ ಇಲ್ಲೆ." ಅವರು ಕೈ ಚಾಚಿ ನನ್ನ ತೋಳು ಹುಡುಕಿ ಹಿಡಿದರು. ದೂರ ನಿಲ್ಲಬೇಕೆಂಬ ನಿಯಮ ಇಬ್ಬರಿಗೂ ಮರೆತಿತ್ತು. "ನಾನು ಏನು ಅಂಜಿದ್ದೆ ಗೊತ್ತೇನು? ಅಲ್ಲಿ ತನಕ ಹೋಗಿ, ಎಲ್ಲಾರೂ 'ಆಹಾ, ಆ ಚಿತ್ರ ನೋಡ್ರಿ' ಅನ್ನೂವಾಗ, ನಾ ಒಬ್ಬಾಕಿ ಮಸಿ ನೋಡ್ಕೋತ ನಿಂದರತೀನಲ್ಲ ಅಂತ. ಎಷ್ಟ್ ದಿವಸ ಅದ ಅಂಜಿಕಿ. ಇಲ್ಲಿ ಆ ಕಾಟ ಇಲ್ಲ. ಈ ಗ್ವಾಡಿ ಮ್ಯಾಲೆ ನಿಮಗೆಷ್ಟು ಕಾಣತದ, ನನಗೂ ಅಷ್ಟ ಕಾಣತದ."

ಆಮೇಲೆ ಅವರು ನನ್ನ ಕೈ ಬಿಟ್ಟು, ಹಗ್ಗ ಹಿಡಿದುಕೊಂಡು ಆ ಪುಟ್ಟ ದೇವಸ್ಥಾನದ ಸುತ್ತ ನಿಧಾನವಾಗಿ ನಡೆದರು. ಕಂಬ, ಬಾಗಿಲು, ಒಂದರ ಮೇಲೊಂದು ಕೂತ ಕಲ್ಲು, ಒಂದನ್ನೂ ಬಿಡಲಿಲ್ಲ. ನಾನು ಹಿಂದೆ ಹಿಂದೆ ಹೋದೆ, ಬಾಯಿ ಬಿಡಲಿಲ್ಲ. ನನ್ನ ವೃತ್ತಿಯಲ್ಲಿ ಮೊದಲ ಸಲ ತಲೆ ಎಣಿಸದೆ ಗೋಡೆಯನ್ನು ನೋಡಿದೆ. ಸರದಿ ಮುಗಿಯಿತೆಂದು ಬಾಗಿಲ ಯುವಕ ಬಂದು ಹೇಳಿದಾಗ ಸುಶೀಲಕ್ಕ, "ಒಂದು ಫೋಟೋ ಹೊಡೀರಿ ರಿಯಾಜ್, ನಾ ದೇವಸ್ಥಾನ ನೋಡೂ ಹಾಂಗ" ಎಂದರು.

ಆ ಫೋಟೋ ಈಗ ನಮ್ಮ ಹಜಾರದಲ್ಲಿದೆ. ಕೆಲಸದ ಬಗ್ಗೆ ಕೇಳಲು ಬರುವ ಹುಡುಗಿಯರು ಅದನ್ನು ನೋಡಿ, "ಆಂಟಿ, ದೇವಸ್ಥಾನ ಈ ಕಡೆ ಇದೆ, ಅಜ್ಜಿ ಯಾಕೆ ಆ ಕಡೆ ನೋಡ್ತಿದಾರೆ?" ಎಂದು ಕೇಳುತ್ತಾರೆ. ದೇವಸ್ಥಾನವನ್ನೇ ನೋಡುತ್ತಿದ್ದಾರೆ ಎಂದು ನಾನು ಹೇಳುತ್ತೇನೆ.